ಜೊಂಡುಗಡ್ಡೆಯ ದೊರೆ

ಜಂಪಣ್ಣನ ಕಷ್ಟ ಶುರುವಾದದ್ದು ಜಗಳೂರಿನಿಂದ ಬಂದ ಒಂದು ಕಾರ್ಡಿನಿಂದ. ಸೋಮವಾರ ನೀವು ಗಡ್ಡೆ ಏರುವುದನ್ನು ಕಣ್ಣಾರೆ ಕಂಡು ಸಂಬಂಧ ನಿಶ್ಚಯ ಮಾಡುತ್ತೇವೆ ಎಂದು ಬೀಗರಾಗಬೇಕಿದ್ದ ವಿರೂಪಾಕ್ಷಪ್ಪನವರು ಬರೆದಿದ್ದರು.

ಹೊನ್ನಾಳಿಯ ಹೊಳೆಯ ನಡುವೆ, ಜೊಂಡು ಬೆಳೆದು ನಿಂತ ಆ ನಡುಗಡ್ಡೆ ಒಂದು ಕಣದಷ್ಟು ಅಗಲ. ಯಾವನೋ ಪಾಳೇಗಾರ ಅದನ್ನು ಜಂಪಣ್ಣನ ಮುತ್ತಜ್ಜನಿಗೆ ಉಂಬಳಿ ಕೊಟ್ಟಿದ್ದ. ಅಂದಿನಿಂದ ಆ ಮನೆಯ ಯಜಮಾನ ದೊರೆ. ಅವನನ್ನು ದಾಟಿಸುವ ಅಂಬಿಗ ಮಂತ್ರಿ. ಮೂರನೆಯವರು ಅಲ್ಲಿ ಕಾಲಿಡುವಂತಿಲ್ಲ. ಕಾರ್ತಿಕದ ಕಡೆಯ ಸೋಮವಾರ ದೊರೆ ಗಡ್ಡೆಯ ಮೇಲೆ ಬೆಳ್ಗೊಡೆ ಬಿಚ್ಚುವುದು ದಡದವರಿಗೆ ಕಾಣಬೇಕು. ತಪ್ಪಿದರೆ ದೊರೆತನ ದಾಯಾದಿಗೆ.

ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುವ ಜಂಪಣ್ಣನಿಗೆ ಮಗಳ ಮದುವೆಗೆಂದು ಇದ್ದ ಆಸ್ತಿ ಆ ಹೆಸರೊಂದೇ. ಅಪ್ಪ ತೀರಿಕೊಂಡ ಮೇಲೆ ಇದು ಅವನ ಮೊದಲ ಸರದಿ. ನೀರೆಂದರೆ ಬೆಕ್ಕಿಗಿರುವಷ್ಟೇ ಪ್ರೀತಿ ಅವನಿಗೂ.

ಸೋಮವಾರ ಬೆಳಿಗ್ಗೆ ದಡದ ತುಂಬ ಸಲಹೆಗಾರರು. ಹರಿಗೋಲಿನ ನಡುವೆ ಕೂರು ಎಂದರು ಕೆಲವರು, ಅಂಚಿಗೆ ಕೂರು ಎಂದರು ಉಳಿದವರು. ಮುಳುಗದಿರಲೆಂದು ದೊಡ್ಡಕ್ಕ ಅವನ ಹೊಟ್ಟೆಗೆ ಸೋರೆಬುರುಡೆ ಕಟ್ಟಲು ಬಂದಳು. ದಾಯಾದಿ ತಿಪ್ಪೇಶಪ್ಪ ಎಲೆಅಡಿಕೆ ಜಗಿಯುತ್ತ ಹತ್ತಿರ ಬಂದ.

"ಹೆದರಿಕೆ ಆದ್ರೆ ಹೇಳಪ್ಪ, ನಾನೇ ಹೋಗಿ ಬರ್ತೀನಿ. ಅಣ್ಣತಮ್ಮ ಅಂದ್ಮೇಲೆ ಇಷ್ಟೂ ಮಾಡದಿದ್ರೆ ಹೆಂಗೆ?"

ಜಂಪಣ್ಣ ಹತ್ತಿ ಕೂತ. ಹರಿಗೋಲು ಬೀಸುಕಲ್ಲಿನಂತೆ ತಿರುಗಿತು. ಒಂದು ಸುತ್ತಿಗೆ ಬೀಗರು ಕಂಡರು, ಇನ್ನೊಂದು ಸುತ್ತಿಗೆ ತಿಪ್ಪೇಶಪ್ಪನ ನಗು. ಮೂರನೆಯ ಸುತ್ತಿಗೆ ಅವನು ಕಣ್ಣು ಮುಚ್ಚಿಬಿಟ್ಟ.

ಜೊಂಡಿನೊಳಗೆ ನುಗ್ಗಿ ಹರಿಗೋಲು ನಿಂತಾಗ ಕಾಲು ಇಳಿಬಿಟ್ಟ. ಮೊಣಕಾಲು ಮುಳುಗಿದರೂ ಏನೂ ತಾಗಲಿಲ್ಲ.

"ದಾಸಣ್ಣ, ನೆಲ ಎಲ್ಲೈತೆ?"

"ನೆಲ ಇಲ್ರಿ ದೊರೆ," ಎಂದ ಅಂಬಿಗ ದಾಸಪ್ಪ. "ನಿಮ್ಮಜ್ಜನ ಕಾಲದಾಗೇ ನೆರೆ ತಗಂಡು ಹೋತು. ಜೊಂಡು ಉಳಕಂಡೈತೆ."

"ಹಂಗಾದ್ರೆ ಅಪ್ಪ ಎಲ್ಲಿ ನಿಂತಿದ್ದ?"

ದಾಸಪ್ಪ ಸೊಂಟದುದ್ದ ನೀರಿಗಿಳಿದು, ಬೆನ್ನು ತಿರುಗಿಸಿ, ಹೆಗಲು ತಟ್ಟಿಕೊಂಡ. "ಇಲ್ಲಿ. ಹತ್ರಿ."

ಯಾಕಪ್ಪ ನಿನಗೆ ಈ ಕಷ್ಟ ಎಂದು ಜಂಪಣ್ಣ ಕೇಳಿದ.

"ದೊರೆ ಇಲ್ದಿದ್ರೆ ಮಂತ್ರಿನ ಯಾರು ಕೇಳ್ತಾರ್ರಿ? ಮದುವೆ ಮನ್ಯಾಗೆ ಮೊದಲ್ನೇ ವೀಳ್ಯ ನಮಗೇ ಬರಾದು."

ಜೊಂಡಿನ ಮೇಲೆ ದೊರೆಯ ರುಮಾಲು ಕಂಡಿತು, ಬೆಳ್ಗೊಡೆ ಬಿಚ್ಚಿಕೊಂಡಿತು. ದಡದಲ್ಲಿ ಕೊಂಬು ಊದಿದರು. ತಿಪ್ಪೇಶಪ್ಪ ಎಲೆಅಡಿಕೆ ಉಗಿದು ಮನೆಗೆ ನಡೆದ.

ಜಂಪಣ್ಣ ಮರಳಿ ದಡ ಮುಟ್ಟಿದ್ದೇ ವಿರೂಪಾಕ್ಷಪ್ಪನವರು ತಬ್ಬಿಕೊಂಡರು. ಸಂಬಂಧ ಗಟ್ಟಿ ಎಂದರು. ಆಮೇಲೆ ದನಿ ತಗ್ಗಿಸಿ, "ನಿಮಗೆ ಗಂಡುಮಕ್ಕಳಿಲ್ಲ. ನಿಮ್ಮ ತರುವಾಯ ಗಡ್ಡೆ ನಮ್ಮ ಹುಡುಗಗೇ ಅಲ್ವೇನ್ರಿ ಬೀಗ್ರೆ?" ಎಂದರು.

ಅಷ್ಟು ಹೊತ್ತೂ ಗಾಡಿಯಲ್ಲೇ ಕೂತು ಮಂಡಕ್ಕಿ ಮೆಲ್ಲುತ್ತಿದ್ದ ಹುಡುಗ ಆಗ ಕೆಳಗಿಳಿದ. ಎತ್ತುಗಳೆರಡೂ ನಿಟ್ಟುಸಿರು ಬಿಟ್ಟವು. ದಾಸಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸುಮ್ಮನೆ ಎರಡೂ ಹೆಗಲು ಸವರಿಕೊಂಡ.

"ಹೌದ್ರಿ, ಅವರಿಗೇ," ಎಂದ ಜಂಪಣ್ಣ. ಎದೆ ಹಗುರವಾಗಿತ್ತು. ಅಪ್ಪ ಯಾಕೆ ಗಡ್ಡೆಯ ನೆಲದ ಬಗ್ಗೆ ಒಂದು ಮಾತೂ ಹೇಳದೆ ಹೋದನೆಂಬುದು ಅವನಿಗೀಗ ತಿಳಿಯಿತು. ತಾನೂ ಯಾರಿಗೂ ಹೇಳುವುದಿಲ್ಲ ಎಂದುಕೊಂಡು, ಒದ್ದೆ ಪಂಚೆ ಹಿಂಡಿಕೊಳ್ಳತೊಡಗಿದ.