ಬೀಗರ ಚೆಲ್ಲೋ ತಟ್ಟೆ

ಅಚ್ಚುಕಟ್ಟಾಗಿ ಬದುಕುವವರಿಗೆ ನೆಮ್ಮದಿ ಹೆಚ್ಚು ಎಂದು ಜನ ತಿಳಿದಿದ್ದಾರೆ. ಅದು ಶುದ್ಧ ಸುಳ್ಳು. ಚಪ್ಪಲಿಯನ್ನು ಎಲ್ಲೆಂದರಲ್ಲಿ ಬಿಡುವವನಿಗೆ ಅದು ಕಳೆದುಹೋದಾಗ ಮಾತ್ರ ಚಿಂತೆ. ಗೋಡೆಗೆ ಸಮವಾಗಿ ಜೋಡಿಸಿಡುವವನಿಗೆ ಅದು ಅರ್ಧ ಅಂಗುಲ ಸರಿದರೂ ಚಿಂತೆ. ನಾನು ಈ ಎರಡನೆಯವರ ಪೈಕಿ. ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಜೀವ ಸವೆಸಿ ನಿವೃತ್ತನಾದವನು. ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಸೈರನ್ನಿಗೆ ಮನೆ ಸೇರಿದ ದೇಹ ಇದು. ಈಗ ದೊಡ್ಡನೆಕ್ಕುಂದಿಯ ನಮ್ಮ ಮನೆಗೆ ಯಾವ ಸೈರನ್ನೂ ಕೇಳಿಸುವುದಿಲ್ಲ. ಆ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ ಎಂದು ನನ್ನ ಹೆಂಡತಿ ವಿಶಾಲು ಬಂದವರಿಗೆಲ್ಲ ಹೇಳುತ್ತಾಳೆ.

ಇಂಥ ನನಗೆ ಒದಗಿದ ಬೀಗರು ಶ್ರೀಪಾದರಾಯರು. ಮಗಳು ಅಶ್ವಿನಿಯ ನಿಶ್ಚಿತಾರ್ಥ ಮುಗಿದಿತ್ತು, ಮದುವೆ ಇನ್ನೂ ಮುಂದಿತ್ತು. ಹೆಣ್ಣು ಹೆತ್ತವರ ಎದೆ ಅತಿ ಜೋರಾಗಿ ಹೊಡೆದುಕೊಳ್ಳುವ ಕಾಲವೇ ಅದು. ರಾಯರ ಮನೆ ಬ್ರೂಕ್‌ಫೀಲ್ಡಿನಲ್ಲಿ. ಬೇರೆಯವರ ಮನೆಯ ಹಜಾರದಲ್ಲಿ ಗೊಂಬೆ, ಪದಕ, ಪ್ರವಾಸದ ಫೋಟೋ ಇರುವ ಜಾಗದಲ್ಲಿ ಅವರು ಗ್ರಾಮಫೋನ್ ತಟ್ಟೆಗಳನ್ನು ಜೋಡಿಸಿದ್ದಾರೆ. ಎಲ್ಲವೂ ಒಬ್ಬರೇ ಮಹಾನುಭಾವರು ನುಡಿಸಿದ ಚೆಲ್ಲೋ ಸಂಗೀತ. ಚೆಲ್ಲೋ ಎಂದರೆ ಪಿಟೀಲಿನ ದೊಡ್ಡಣ್ಣ. ಕುರ್ಚಿಯಲ್ಲಿ ಕೂತು, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ವಾದ್ಯ. ನುಡಿಸುವವರು ಮುಂದೆ ಒಬ್ಬರೇ ಕೂತು ಒಂದು ಮಾತು ಹೇಳುತ್ತಾರೆ, ಹಿಂದೆ ಕೂತ ದೊಡ್ಡ ವಾದ್ಯವೃಂದ ಅದಕ್ಕೆ ಉತ್ತರ ಕೊಡುತ್ತದೆ. ಅದಕ್ಕೆ ಕನ್ಚೆರ್ಟೊ ಎನ್ನುತ್ತಾರಂತೆ. ಆ ಮಹಾನುಭಾವರ ಹೆಸರನ್ನು ನಾನು ಬರೆಯುವುದಿಲ್ಲ. ಒಂದಕ್ಷರ ತಪ್ಪಿದರೂ ಬೀಗರು ನೊಂದುಕೊಳ್ಳುತ್ತಾರೆ.

ನಿಶ್ಚಿತಾರ್ಥದ ಊಟದಲ್ಲಿ ರಾಯರು, “ಸಂಗೀತದಲ್ಲಿ ಆಸಕ್ತಿ ಇದ್ಯಾ ಬೀಗರೇ?” ಎಂದು ಕೇಳಿದರು. ಹೋಳಿಗೆ ಬಾಯಲ್ಲಿಟ್ಟುಕೊಂಡ ಹೆಣ್ಣಿನ ತಂದೆ ಇಂಥ ಪ್ರಶ್ನೆಗೆ ಇಲ್ಲ ಎನ್ನುವುದುಂಟೆ? ತಲೆಯಾಡಿಸಿದೆ. ಮರುವಾರವೇ ರಾಯರು ಕಾರಿನಲ್ಲಿ ಬಂದಿಳಿದರು. ತಟ್ಟೆ ಹಾಕುವ ಯಂತ್ರವನ್ನು ಸ್ಪೀಕರ್ ಸಮೇತ ಅವರ ಮಗ, ನಮ್ಮ ಭಾವಿ ಅಳಿಯ ನಿಖಿಲ್ ಹೊತ್ತು ತಂದ. ಒಂದೇ ಒಂದು ತಟ್ಟೆಯನ್ನು ರಾಯರು ಬಾಣಂತಿ ಮನೆಯ ಕೂಸಿನಂತೆ ಎದೆಗವಚಿಕೊಂಡು ಬಂದರು. “ಮುಂದಿನ ಭಾನುವಾರ ನಮ್ಮನೆಗೆ ಬನ್ನಿ. ಛತ್ರದ ವಿಷಯಾನೂ ಮಾತಾಡೋಣ, ಇದನ್ನೂ ಮಾತಾಡೋಣ. ಎರಡನೇ ಭಾಗ ಮಾತ್ರ ಗಮನ ಇಟ್ಟು ಕೇಳಿ. ಅದರಲ್ಲೊಂದು ವಿಶೇಷ ಇದೆ. ಏನೂಂತ ನಾನು ಹೇಳಲ್ಲ, ನೀವೇ ಹೇಳ್ಬೇಕು,” ಎಂದರು. ಈ ವಯಸ್ಸಿನಲ್ಲಿ ನನಗೆ ಪರೀಕ್ಷೆ!

ಹೊರಗಿನಿಂದ ಬಂದ ಯಾವ ಸಾಮಾನನ್ನೂ ತೊಳೆಯದೆ ಬಳಸುವವನಲ್ಲ ನಾನು. ತಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿದ ಮಲ್ಲು ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ, ಮರುದಿನ ಬೆಳಗಿನ ವಾಕಿಂಗ್ ಮುಗಿದೊಡನೆ ಹಾಕಿದೆ. ಮೊದಲು ಮಹಡಿಯಲ್ಲಿ ಯಾರೋ ಮಂಚ ಎಳೆದಾಡುತ್ತಿದ್ದಾರೆ ಎನ್ನಿಸಿತು. ಎರಡನೆಯ ದಿನ ಅಷ್ಟು ಕಷ್ಟವಾಗಲಿಲ್ಲ. ಮೂರನೆಯ ದಿನ, ನಿಜ ಹೇಳುತ್ತೇನೆ, ಅದು ಎದೆಯಲ್ಲಿ ಬಂದು ಕೂತುಬಿಟ್ಟಿತು. ಕಾಫಿ ಆರಿದ್ದು ತಿಳಿಯಲಿಲ್ಲ. ಆಗಲೇ ಆ ಸದ್ದು ಕೇಳಿದ್ದು. ಎರಡನೆಯ ಭಾಗದಲ್ಲಿ ವಾದ್ಯವೃಂದವೆಲ್ಲ ಸುಮ್ಮನಾಗಿ, ಚೆಲ್ಲೋ ಒಂದೇ ಮಾತು ಶುರು ಮಾಡಬೇಕು ಎನ್ನುವಾಗ “ಬುಸ್” ಎಂದು ಒಂದು ಸದ್ದು. ಮುಳ್ಳನ್ನು ಹಿಂದಕ್ಕಿಟ್ಟು ಮತ್ತೆ ಕೇಳಿದೆ. ಮತ್ತೆ ಬುಸ್. ಆಗ ಸೋಪಿನ ನೀರು ನೆನಪಾಯಿತು.

“ಬೀಗರಿಗೆ ಫೋನ್ ಮಾಡಿ ಹೇಳ್ಬಿಡ್ರೀ,” ಎಂದಳು ವಿಶಾಲು.

“ಏನಂತ ಹೇಳಲಿ? ಕೂಸನ್ನ ಕೊಟ್ರಿ, ಸ್ನಾನ ಮಾಡ್ಸೋಕೆ ಹೋಗಿ ಶೀತ ಹಿಡಿಸ್ದೆ ಅಂತಲೇ?”

“ತೊಳೀಬೇಡಿ ಅಂದ್ರೆ ಕೇಳ್ಬೇಕಲ್ಲ. ಪುಣ್ಯ, ಅಳಿಯನಾಗೋ ಹುಡುಗನ್ನ ಇನ್ನೂ ತೊಳೆದಿಲ್ಲ ನೀವು.”

ಕೊನೆಗೆ ಮುನಿಯಪ್ಪನನ್ನು ಕರೆಸಿದೆ. ಅವನು ನಮ್ಮ ಕಾರ್ಖಾನೆಯಲ್ಲೇ ಫಿಟ್ಟರ್ ಆಗಿದ್ದವನು, ಇದೇ ಊರಿನ ಹಳೆಯ ಕುಳ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತಿದ್ದಾನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಒಳಗಿನ ಬೇರಿಂಗ್ ಹೇಗಿದೆ ಎಂದು ಹೇಳುವುದು ಫಿಟ್ಟರುಗಳ ಪದ್ಧತಿ. ಮುನಿಯಪ್ಪ ಅದೇ ಸ್ಕ್ರೂಡ್ರೈವರ್ ತಂದು ಸ್ಪೀಕರಿನ ಪೆಟ್ಟಿಗೆಗೆ ಒತ್ತಿ, ಕಣ್ಣು ಮುಚ್ಚಿ ಕೂತ.

“ನೀರ್ ಕುಡ್ಕೊಂಬುಟ್ಟೈತೆ ಸಾರ್,” ಎಂದು ತೀರ್ಪು ಕೊಟ್ಟ. “ತ್ಯಾವ ಒಳಗೋಗಿ ಕುಂತೈತೆ. ಅದ್ಕೇ ಇಂಗೆ ಬುಸ್ ಅಂತೈತೆ. ಒಂದ್ ತೊಟ್ಟು ಎಣ್ಣೆ ಬಿಡಾನಾ?”

ಎಣ್ಣೆ ಬಿಡಗೊಡಲಿಲ್ಲ. ಆದರೆ ತಟ್ಟೆ ಕೆಟ್ಟಿದೆ ಎಂಬ ವಿಷಯದಲ್ಲಿ ಅನುಭವಸ್ಥರಿಬ್ಬರ ಅಭಿಪ್ರಾಯ ಒಂದೇ ಆಯಿತು.

ಕೆಟ್ಟ ಭಾಗವನ್ನು ಗಿರಾಕಿ ಕೇಳುವ ಮೊದಲೇ ಬದಲಾಯಿಸಿಬಿಡಬೇಕು ಎಂಬುದು ನಮ್ಮ ವಿಭಾಗದಲ್ಲಿ ಕಲಿತದ್ದು. ಪೇಟೆಗೆ ಹೋಗಿ ಹಳೆಯ ತಟ್ಟೆಗಳ ಅಂಗಡಿ ಹುಡುಕಿದೆ. ಅಂಗಡಿಯವನು ಧೂಳು ಕೊಡವಿ ಒಂದನ್ನು ತೆಗೆದ. “ಅವ್ರೇ ನುಡಿಸಿರೋದು ಸಾರ್, ಅದೇ ಪೀಸು. ಎಷ್ಟೋ ವರ್ಷ ಆದ್ಮೇಲೆ ಇನ್ನೊಂದ್ಸಲ ನುಡಿಸಿದ್ದು. ಸಕ್ಕತ್ ಕ್ಲೀನಾಗಿದೆ.” ತಯಾರಕರು ಅವರೇ, ನಕ್ಷೆ ಅದೇ, ಮಾಲು ಮಾತ್ರ ಹೊಸದು. ಇದಕ್ಕಿಂತ ಒಳ್ಳೆಯ ಬದಲಿ ಭಾಗ ಉಂಟೆ? ಮನೆಗೆ ತಂದು ಹಾಕಿದೆ. ಬುಸ್ ಇಲ್ಲ. ಪಾಸ್ ಮಾಡಿ ಬೀಗರ ಹಳೆಯ ಕವರಿನೊಳಗೆ ಸೇರಿಸಿದೆ. ಬೀಗರ ತಟ್ಟೆಯ ನಡುವಿನ ಕಾಗದದ ಮೇಲೆ ಕೆಂಪು ಪೇಂಟಿನ ಒಂದು ಬೊಟ್ಟು ಇಟ್ಟೆ. ತಿರಸ್ಕರಿಸಿದ ಮಾಲಿಗೆ ಕೆಂಪು ಬೊಟ್ಟು ಇಡದಿದ್ದರೆ ಅದು ಹೇಗೋ ಒಳ್ಳೆಯ ಮಾಲಿನೊಳಗೆ ಸೇರಿಬಿಡುತ್ತದೆ, ನಾನು ಕಂಡಿದ್ದೇನೆ. ಬೀರುವಿನ ಮೇಲೆ ಇಟ್ಟ ಆ ತಟ್ಟೆಯನ್ನು ನೋಡಿ ವಿಶಾಲು ದೇವರ ಮನೆಗೆ ಹೋಗಿ ಇನ್ನೊಂದು ದೀಪ ಹಚ್ಚಿದಳು. ಅದು ಒಳ್ಳೆಯ ಲಕ್ಷಣವಲ್ಲ.

ಯಂತ್ರವನ್ನೂ ತಟ್ಟೆಯನ್ನೂ ಶನಿವಾರವೇ ಹಿಂದಿರುಗಿಸಿ, ಭಾನುವಾರ ಬ್ರೂಕ್‌ಫೀಲ್ಡಿಗೆ ಹೋದೆವು. ಛತ್ರದ ಮಾತು ಅರ್ಧಕ್ಕೆ ಬಂದಾಗ ರಾಯರು ಎದ್ದು ತಟ್ಟೆ ಹಾಕಿದರು. ಅವರಿಗೆ ಅದನ್ನು ನೋಡಬೇಕಾಗಿಲ್ಲ, ಕೈಗೇ ಗೊತ್ತು. ಎರಡನೆಯ ಭಾಗ ಬಂತು. ವಾದ್ಯವೃಂದ ಸುಮ್ಮನಾಯಿತು. ರಾಯರು ಬೆರಳೆತ್ತಿ, “ಈಗ... ಕೇಳಿ,” ಎಂದರು. ಚೆಲ್ಲೋ ಹಾಯಾಗಿ ಶುರುವಾಯಿತು. ರಾಯರ ಬೆರಳು ಮೇಲೆಯೇ ಉಳಿಯಿತು. ಮುಳ್ಳನ್ನು ಹಿಂದಕ್ಕಿಟ್ಟರು. ಮತ್ತೆ ಅದೇ. ಮೂರನೆಯ ಸಲ ಸ್ಪೀಕರಿನ ಹತ್ತಿರ ಹೋಗಿ ಬಗ್ಗಿ ನಿಂತರು.

“ಸುಮಿತ್ರಾ, ನಿಂಗೆ ಕೇಳಿಸ್ತಾ?” ಎಂದು ಹೆಂಡತಿಯನ್ನು ಕೇಳಿದರು.

“ನಾನು ಛತ್ರದ ಲೆಕ್ಕದಲ್ಲಿದ್ದೆ ಕಣ್ರೀ,” ಎಂದರು ಸುಮಿತ್ರಮ್ಮ.

ರಾಯರು ನಿಧಾನವಾಗಿ ಕುರ್ಚಿಯಲ್ಲಿ ಕೂತರು. “ಡಾಕ್ಟ್ರು ಹೇಳಿದ್ದು ನಿಜ ಆಯ್ತು ನೋಡು. ಸಣ್ಣ ಸದ್ದುಗಳೇ ಮೊದಲು ಹೋಗತ್ತೆ ಅಂದಿದ್ರು,” ಎಂದು, ನನ್ನ ಕಡೆ ತಿರುಗಿ ನಗಲು ಪ್ರಯತ್ನಿಸಿದರು. “ಏನಿಲ್ಲ ಬೀಗರೇ, ನುಡಿಸೋಕೆ ಮುಂಚೆ ಆತ ಒಂದು ದೊಡ್ಡ ಉಸಿರು ಎಳ್ಕೋತಾರೆ. ಅಷ್ಟು ದೊಡ್ಡ ಮನುಷ್ಯನಿಗೂ ಒಳಗೆ ಅಳುಕಿತ್ತೇನೋ ಅನ್ನೋ ಹಾಗೆ. ಅದನ್ನ ಅಳಿಸ್ದೆ ಬಿಟ್ಟಿದ್ದಾರೆ. ನಾನು ಅದಕ್ಕೋಸ್ಕರವೇ ಹಾಕ್ತಿದ್ದೆ. ಇನ್ನು ನಂಗೆ ಕೇಳಿಸಲ್ಲ ಅನ್ಸತ್ತೆ. ನಿಮಗಾದ್ರೂ ಕೇಳಿಸ್ತಾ?”

ಸುಮ್ಮನಿದ್ದರೆ ಗಟ್ಟಿಮುಟ್ಟಾದ ಕಿವಿಗಳ ಮನುಷ್ಯ ನಾಳೆಯೇ ಕಿವುಡನಾಗುತ್ತಾನೆ. ಬಾಯಿಬಿಟ್ಟರೆ ಮಗಳ ಮದುವೆ ಏನಾಗುತ್ತದೋ. ವಿಶಾಲು ಸೀರೆಯ ಮರೆಯಲ್ಲಿ ನನ್ನ ಮೊಣಕೈ ಚಿವುಟಿದಳು, ಅದು ಅಪ್ಪಣೆ.

“ಬೀಗರೇ, ನಿಮ್ಮ ಕಿವಿ ಪಾಸು,” ಎಂದೆ. “ತಟ್ಟೆ ಬೇರೆ.” ಸೋಪಿನ ನೀರಿನಿಂದ ಹಿಡಿದು ಅಂಗಡಿಯವರೆಗೆ ಎಲ್ಲವನ್ನೂ ಹೇಳಿದೆ. ಪೇಂಟಿನ ವಿಷಯವೊಂದನ್ನು ಬಿಟ್ಟೆ. ರಾಯರು ಒಂದೇ ಮಾತು ಕೇಳಿದರು: “ಹಳೇದು ಇದ್ಯಾ?”

ನಿಖಿಲನ ಕಾರಿನಲ್ಲಿ ಅದನ್ನು ತರಲು ಹೊರಟೆವು. ಸಿಗ್ನಲ್ಲಿನಲ್ಲಿ ನಿಂತಾಗ ಅವನು, “ಮಾವ, ಅಪ್ಪ ಅದನ್ನ ನನ್ನ ಕೈಗೂ ಕೊಟ್ಟಿಲ್ಲ ಗೊತ್ತಾ?” ಎಂದ. ಧೈರ್ಯ ಹೇಳುವ ರೀತಿ ಅದಲ್ಲ ಎಂದು ಈಗಿನ ಮಕ್ಕಳಿಗೆ ಯಾರು ಹೇಳಬೇಕು? ಆದರೂ ಇನ್ನೂ ಮಾವ ಎನ್ನುತ್ತಿದ್ದಾನಲ್ಲ ಎಂದು ಸ್ವಲ್ಪ ಜೀವ ಬಂತು.

ತಟ್ಟೆಯನ್ನು ಕೈಗೆ ತೆಗೆದುಕೊಂಡ ರಾಯರು ಮೊದಲು ನೋಡಿದ್ದು ಆ ಕೆಂಪು ಬೊಟ್ಟನ್ನೇ. ನಾನು ಬಾಗಿಲ ಕಡೆ ಒಂದು ಹೆಜ್ಜೆ ಸರಿದೆ. ರಾಯರ ಮುಖ ಅರಳಿತು.

“ಕುಂಕುಮ ಇಟ್ಟಿದ್ದೀರಾ?” ಎಂದರು. “ಸುಮಿತ್ರಾ, ನೋಡಿಲ್ಲಿ! ಕೆಟ್ಟೋಯ್ತು ಅಂದ್ಕೊಂಡ್ರೂ ಬಿಸಾಕದೆ ಪೂಜೆ ಮಾಡಿ ಎತ್ತಿಟ್ಟಿದ್ದಾರೆ. ಇಷ್ಟು ವರ್ಷದಲ್ಲಿ ನನಗಾದ್ರೂ ಇದು ಹೊಳೀತಾ?”

ನಾನು ವಿಶಾಲುವನ್ನು ನೋಡಿದೆ. ವಿಶಾಲು ಕಿಟಕಿಯನ್ನು ನೋಡಿದಳು. ಒಬ್ಬ ಮನುಷ್ಯ ಒಂದು ದಿನಕ್ಕೆ ಎಷ್ಟು ಸತ್ಯ ಹೇಳಬಹುದು? “ಹೂಂ” ಎಂದೆ. ತಟ್ಟೆ ತಿರುಗಿತು. ವಾದ್ಯವೃಂದ ಸುಮ್ಮನಾಯಿತು. ಆ ಮಹಾನುಭಾವರು ಉಸಿರೆಳೆದುಕೊಂಡರು. ರಾಯರು ಕಣ್ಣೊರೆಸಿಕೊಂಡು, ಛತ್ರ ನೀವು ಹೇಳಿದ್ದೇ ಆಗಲಿ ಎಂದರು.

ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಹೊರಡುವಾಗ ಸುಮಿತ್ರಮ್ಮ ಬೆರಳಿನಿಂದ ಆ ಬೊಟ್ಟನ್ನು ಉಜ್ಜಿ ನೋಡಿ, “ಎಂಥ ಕುಂಕುಮ ರೀ ಇದು! ಒಂಚೂರೂ ಅಳಿಸ್ತಿಲ್ಲ. ನಂದು ಮಧ್ಯಾಹ್ನದೊಳಗೆ ಹಣೆ ಮೇಲೆಲ್ಲ ಹರಡಿರತ್ತೆ. ಯಾವ ಅಂಗಡೀದು? ಮದುವೆಗೆ ಬಂದ ಮುತ್ತೈದೆಯರಿಗೆಲ್ಲ ಇದನ್ನೇ ಕೊಡೋಣ,” ಎಂದರು. “ಇವ್ರನ್ನೇ ಕೇಳಿ, ತಂದಿದ್ದು ಇವ್ರೇ,” ಎಂದಳು ನನ್ನ ಧರ್ಮಪತ್ನಿ. ಅಂದಿನಿಂದ ಅಂಗಡಿಯ ಹೆಸರು ಕೇಳಿ ಬೀಗರ ಮನೆಯಿಂದ ಫೋನ್ ಬರುತ್ತಲೇ ಇದೆ. ಎತ್ತುವ ಮೊದಲು ನಾನೊಂದು ದೀರ್ಘವಾದ ಉಸಿರು ಎಳೆದುಕೊಳ್ಳುತ್ತೇನೆ. ರಾಯರ ಆ ಕಿವಿಗಳಿಗೆ ಅದೂ ಕೇಳಿಸುತ್ತಿದೆಯೇನೋ ಎಂಬುದು ಈಗಿನ ಹೊಸ ಚಿಂತೆ.