ಕಮರುದ್ದೀನ್ ಲಂಡನ್ನಿನ ಹಾಗೆ ಕಾರು ನಿಲ್ಲಿಸಿದ್ದು

ಗೇರುಬೀಜದ ವ್ಯಾಪಾರದ ಕೆಲಸಕ್ಕೆಂದು ಲಂಡನ್ನಿಗೆ ಹೋಗಿ ಮೂರು ತಿಂಗಳು ಇದ್ದು ಬಂದಾಗಿನಿಂದ ಗುಮಾಸ್ತ ಕಮರುದ್ದೀನನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. “ಅಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ ಮಾರಾಯ್ರೆ, ಹೊಡೆದರೆ ಬೈದ ಹಾಗೆ! ರಸ್ತೆ ದಾಟುವವ ಕಂಡರೆ ಎಷ್ಟು ದೊಡ್ಡ ಕಾರಾದರೂ ನಿಲ್ತದೆ. ಕಾಲು ತುಳಿದರೆ ತುಳಿಸಿಕೊಂಡವನೇ ಸಾರಿ ಹೇಳ್ತಾನೆ!” ಕೇಳಿ ಕೇಳಿ ಉರ್ವದ ಆಫೀಸಿನವರಿಗೆಲ್ಲ ತಲೆ ಚಿಟ್ಟು ಹಿಡಿದಿತ್ತು.

ಅವನ ಕಣ್ಣಿದ್ದದ್ದು ಖಾಲಿಯಾಗಿದ್ದ ಮೇನೇಜರನ ಕುರ್ಚಿಯ ಮೇಲೆ. ಲಂಡನ್ನಿನಲ್ಲಿ ಕಾರು ಬಿಡಲು ಕಲಿತೆ ಎಂದೂ ಅವನು ಕೊಚ್ಚಿಕೊಂಡಿದ್ದ. ಒಂದು ದಿನ ಸಾಹುಕಾರ ನೂರ್ ಮುಹಮ್ಮದರು ಕರೆದು, “ನಮ್ಮ ಆಸ್ಟಿನ್ ಕಾರಿನಲ್ಲಿ ಉಮ್ಮನನ್ನು ಜೆಪ್ಪುವಿಗೆ, ತಂಗಿಯ ಮನೆಗೆ ಬಿಟ್ಟು ಬಾ. ಅವರು ಬೈಯದೆ ಇಳಿದರೆ ಆ ಕುರ್ಚಿಯ ವಿಷಯ ಮಾತಾಡುವಾ” ಅಂದರು.

ಸಾಹುಕಾರರ ತಾಯಿ ಬೀಫಾತಿಮ್ಮನಿಗೆ ಕಾರೆಂದರೆ ಪ್ರಾಣಭಯ. ಅವರಿಗೆ ಒಗ್ಗದೆ ಎಷ್ಟೋ ಡ್ರೈವರುಗಳು ಬಂದು ಹೋಗಿದ್ದರು. ಎಂಜಿನ್ ಶುರುವಾದದ್ದೇ, “ಎಂತ ಇದು ಮಗಾ, ಹೊಟ್ಟೆಯೊಳಗೇ ಗುಡುಗಿದ ಹಾಗೆ ಆಗ್ತದೆ!” ಎಂದು ಕಣ್ಣು ಮುಚ್ಚಿದರು.

ಹಂಪನಕಟ್ಟೆಯಲ್ಲಿ ಬಾಳೆಗೊನೆ ಹೊತ್ತ ಮಾಯಿಲಪ್ಪ ಎಂಬವ ರಸ್ತೆ ದಾಟಲು ನಿಂತಿದ್ದ. ಕಮರುದ್ದೀನ್ ಠೀವಿಯಿಂದ ಕಾರು ನಿಲ್ಲಿಸಿ, ದಾಟಿ ಎಂದು ಕೈಸನ್ನೆ ಮಾಡಿದ. ಹುಟ್ಟಿದಾಗಿನಿಂದ ತನಗಾಗಿ ಕಾರು ನಿಂತದ್ದನ್ನು ಕಾಣದ ಮಾಯಿಲಪ್ಪ ಹೆಜ್ಜೆ ಹಿಂದಕ್ಕಿಟ್ಟ.

“ನೀವು ಹೋಗಿ ಬ್ಯಾರಿಗಳೇ.”

“ಇಲ್ಲ, ಮೊದಲು ನೀವು.”

“ಛೆ, ಛೆ! ನೀವು ಹೋಗಿ.”

ಈ ಉಪಚಾರದ ನಡುವೆ ಎಂಜಿನ್ ಕೆಮ್ಮಿ ನಿಂತುಹೋಯಿತು. ಮಾಯಿಲಪ್ಪನ ಮನಸ್ಸು ಕರಗಿತು. ಗೊನೆ ಇಳಿಸಿ, “ಪಾಪ, ಗಾಡಿ ಹಾಳಾಗಿದೆ! ಬನ್ನಿ, ಸ್ವಲ್ಪ ದೂಡುವಾ!” ಎಂದು ಕೂಗಿದ. ಅಂಗಡಿಗಳಿಂದ ಜನ ಓಡಿಬಂದರು.

“ಹಾಳಾಗ್ಲಿಲ್ಲ! ನಾನೇ ನಿಲ್ಲಿಸಿದ್ದು!”

“ನಡುರಸ್ತೆಯಲ್ಲಿ ಬೇಕಂತ ಯಾರು ನಿಲ್ಲಿಸ್ತಾರೆ? ನಾಚಿಕೆ ಎಂತಕ್ಕೆ, ನಾವೆಲ್ಲ ಇಲ್ಲವಾ? ಬ್ರೇಕ್ ಬಿಡಿ!”

ಹಿಂದಿದ್ದ ಬಸ್ಸು ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. ಬೆಚ್ಚಿಬಿದ್ದ ಕಮರುದ್ದೀನ್ ಬ್ರೇಕ್ ಬಿಟ್ಟ, ಕಾರು ಹೊರಟಿತು. ಯಾವುದನ್ನು ಒತ್ತಿದರೆ ಏನಾಗುತ್ತದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಎಲ್ಲಿಗೆ ಎಂದು ಯಾರೋ ಕೇಳಿದಾಗ ಬೀಫಾತಿಮ್ಮನೇ ಕತ್ತು ಹೊರಗೆ ಹಾಕಿ, “ಜೆಪ್ಪುವಿಗೆ” ಅಂದರು.

“ಹೆಚ್ಚಿನದು ಇಳಿಜಾರೇ, ಅದೆಂತ ದೊಡ್ಡ ವಿಷಯ!”

ದಾರಿಯುದ್ದಕ್ಕೂ ದಣಿದವರು ಬಿಟ್ಟರು, ಹೊಸಬರು ಸೇರಿಕೊಂಡರು. ಅಭ್ಯಾಸಬಲದಿಂದ ಕಮರುದ್ದೀನ್ ‘ಥ್ಯಾಂಕ್ಯೂ, ಥ್ಯಾಂಕ್ಯೂ’ ಅನ್ನುತ್ತಲೇ ಇದ್ದ. ಹುರಿದುಂಬಿಸುತ್ತಿದ್ದಾನೆಂದು ಅವರು ಇನ್ನಷ್ಟು ಜೋರಾಗಿ ದೂಡಿದರು.

ಕಾರು ಜೆಪ್ಪು ಮುಟ್ಟುವ ಮೊದಲೇ ಸುದ್ದಿ ಉರ್ವದ ಆಫೀಸು ಮುಟ್ಟಿತ್ತು. ಸಾಹುಕಾರರು ಟ್ಯಾಕ್ಸಿ ಹಿಡಿದು ಬಂದು ಜೆಪ್ಪುವಿನ ಗೇಟಿನಲ್ಲಿ ಕೆಂಡದಂತೆ ನಿಂತಿದ್ದರು. ಕುರ್ಚಿ ಕೈತಪ್ಪಿತು ಎಂದು ಕಮರುದ್ದೀನನಿಗೆ ಅಳುವೇ ಬಂತು.

ಅಷ್ಟರಲ್ಲಿ ಬೀಫಾತಿಮ್ಮ ನಗುನಗುತ್ತ ಇಳಿದರು. “ಇವನಿಗೆ ಎಂತದೂ ಹೇಳಬೇಡ. ಇವತ್ತೊಂದು ದಿನ ಸುಖವಾಗಿ ಬಂದೆ. ಸದ್ದಿಲ್ಲ, ಹೊಗೆಯಿಲ್ಲ, ಸುತ್ತ ಜನ. ಮದುಮಗಳನ್ನು ಕರ್ಕೊಂಡು ಬಂದ ಹಾಗೆ! ಇನ್ನು ನನಗೆ ಇವನೇ ಆಗಬೇಕು.”

ಕಮರುದ್ದೀನನಿಗೆ ಹೋದ ಜೀವ ಬಂತು. “ಹಾಗಾದರೆ ಸಾಹುಕಾರ್ರೆ, ಆ ಕುರ್ಚಿ...”

“ಕುರ್ಚಿಯಲ್ಲಿ ಕೂರುವವರು ಬೇಕಾದಷ್ಟು ಸಿಗ್ತಾರೆ ಮಾರಾಯ. ಉಮ್ಮನಿಗೆ ಹಿಡಿಸಿದ ಡ್ರೈವರ್ ಸಿಕ್ಕಿದ್ದು ಇದೇ ಮೊದಲು! ನಾಳೆಯಿಂದ ಆಫೀಸಿಗೆ ಬರಬೇಡ, ಸೀದಾ ಮನೆಗೆ ಬಾ. ದೂಡ್ಲಿಕ್ಕೆ ಗೋದಾಮಿನಿಂದ ನಾಲ್ಕು ಆಳು ಕಳಿಸ್ತೇನೆ. ಎಂಜಿನ್ ಮಾತ್ರ ಮುಟ್ಟಬೇಡ.”