ಕೂದಲಿಗಿಂತ ಸಣ್ಣ ಕೆಲಸ

ನನ್ನ ಸೋದರಮಾವನ ಮನೆಗೆ ಹೋಗುವವರು ತಲೆ ಜೋಪಾನ ಮಾಡಿಕೊಳ್ಳಬೇಕು. ಚಹಾ ಬರುವ ಮೊದಲೇ ಅವನು ನಿಮ್ಮದೊಂದು ಕೂದಲು ಕಿತ್ತಿರುತ್ತಾನೆ! ಸೂಕ್ಷ್ಮದರ್ಶಕದ ಕೆಳಗೆ ತನ್ನ ಕೆಲಸದ ಪಕ್ಕದಲ್ಲಿಟ್ಟು ಅಳೆಯಲು. ನಾಲ್ಕೇ ಕೂದಲು ಉಳಿದಿದ್ದ ಬೀಗರೊಬ್ಬರು ಟೋಪಿ ತೆಗೆಯದೆ ಉಂಡುಹೋದದ್ದೂ ಉಂಟು.

ಮಾವ ಇಳಕಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಲೇಸರ್ ಬೆಳಕು ದ್ರವವನ್ನು ಬೇಕಾದ ಬಿಂದುವಿನಲ್ಲಷ್ಟೇ ಗಟ್ಟಿಮಾಡುತ್ತ, ಕೂದಲಿನ ದಪ್ಪದೊಳಗೆ ಹಿಡಿಸುವ ಗೋಪುರವನ್ನು ಹೇಗೆ ಕಟ್ಟುತ್ತದೆ ಎಂದು ಕಪ್ಪುಹಲಗೆಯ ಮೇಲೆ ಎಷ್ಟೋ ವರ್ಷ ಬರೆದಿದ್ದ. ಆ ನ್ಯಾನೊ ಮುದ್ರಣದ ಯಂತ್ರವನ್ನು ಮಾತ್ರ ಕಂಡಿರಲಿಲ್ಲ. ಅದರ ಬೆಲೆಗೆ ಕಾಲೇಜನ್ನೇ ಇನ್ನೊಮ್ಮೆ ಕಟ್ಟಬಹುದಿತ್ತು.

"ನಾ ನೋಡದ್ದನ್ನ ಹುಡುಗರಿಗೆ ಹೇಳಿ ಪಗಾರ ತಗೊಂಡೇನಿ" ಎಂಬ ಸಂಕಟಕ್ಕೆ, ನಿವೃತ್ತಿಯ ಮರುದಿನವೇ ಅಗ್ಗದ ಯಂತ್ರ ಕಟ್ಟಲು ಕುಳಿತ. ಹಳೆಯ ಡಿಸ್ಕ್ ಪ್ಲೇಯರಿನಿಂದ ನೇರಳೆ ಲೇಸರ್ ಬಿಚ್ಚಿದ. ಯಂತ್ರ ಅಲುಗಾಡಬಾರದೆಂದು, ಅಡಿಗೆಕಟ್ಟೆಗೆ ತರಿಸಿದ್ದ ಗ್ರಾನೈಟ್ ಚಪ್ಪಡಿಯನ್ನು ಸೈಕಲ್ ಟ್ಯೂಬುಗಳ ಮೇಲೆ ಮಲಗಿಸಿದ. ಅತ್ತೆ ಎರಡು ವರ್ಷ ನೆಲದ ಮೇಲೆ ಕುಳಿತೇ ಅಡಿಗೆ ಮಾಡಿದಳು.

"ರೊಟ್ಟಿ ಬಡದು ಬಡದು ಮೊಣಕಾಲು ಹ್ವಾದ್ವು," ಎಂದಳು ಒಂದು ದಿನ. "ದೀಪಾವಳಿಗೆ ಆ ಕಲ್ಲು ನನ್ನ ಅಡಗಿಮನಿಗೆ ಬರಬೇಕು. ಇಲ್ಲಂದ್ರ ನಾ ಬಾಗಲಕೋಟಿಗೆ ಅಣ್ಣನ ಮನಿಗೆ ಹೋಗ್ತೇನಿ."

"ಅಲ್ಲೂ ಗ್ರಾನೈಟ್ ಐತೇನು?" ಎಂದು ಮಾವ ಕೇಳಿದ. ಕೇಳಬಾರದಿತ್ತು.

ಹುನಗುಂದದ ಬಸ್ಸು ಮನೆ ಮುಂದೆ ಹಾದರೆ ಸಾಕು, ನೆಲ ನಡುಗಿ ಅರ್ಧ ಕಟ್ಟಿದ್ದು ಕೆಡುತ್ತಿತ್ತು. ಮಾವ ರಸ್ತೆಗಿಳಿದು ಬಸ್ಸನ್ನೇ ತಡೆದ.

"ಹತ್ರಿ ಸರ್," ಎಂದ ಚಾಲಕ.

"ಹತ್ತಾಂಗಿಲ್ಲ. ಒಳಗ ಗೋಪುರ ಕಟ್ಟಾಕತ್ತೇನಿ, ಸಾವಕಾಶ ಹೋಗು."

"ಎಲ್ಲೈತ್ರಿ ಗೋಪುರ?"

"ಕಣ್ಣಿಗೆ ಕಾಣೂದಿಲ್ಲ."

ಅಂದಿನಿಂದ ಆ ಚಾಲಕ ಅಲ್ಲಿ ನಿಧಾನವಾಗಿಯೇ ಹೋಗುತ್ತಾನೆ. ಗೌರವಕ್ಕೋ ಭಯಕ್ಕೋ, ಯಾರು ಬಲ್ಲರು?

ದೀಪಾವಳಿಗೆ ಮೂರು ದಿನವಿದ್ದಾಗ ಮಾವನ ಫೋನ್ ಬಂತು. "ನಿಂತೈತಿ, ಬಾ."

ಹೋದೆ. ಅತ್ತೆಯ ಬ್ಯಾಗು ಬಾಗಿಲ ಬಳಿ ತಯಾರಾಗಿತ್ತು. ಮಾವ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ. ಅವಳು ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಅಲ್ಲಿ ನಿಂತಿದ್ದದ್ದು ಗೋಪುರವಲ್ಲ, ಮೂರು ಅಕ್ಷರ. ಅವಳ ಹೆಸರು. ಮದುವೆಯಾದಾಗಿನಿಂದ "ಕೇಳ್ತೇನು" ಎಂದಷ್ಟೇ ಕರೆದವನು ಅವಳ ಹೆಸರನ್ನು ಮೊದಲ ಸಲ ಬರೆದಿದ್ದ.

"ಇಷ್ಟ್ ಸಣ್ಣದಾಗಿ ಯಾಕ ಬರದ್ರಿ?" ಎಂದಳು, ಕಣ್ಣೆತ್ತದೆ.

ಮಾವ ಗೋಡೆಯ ಕಡೆ ನೋಡಿದ. "ದೊಡ್ಡದು ಬರಿಯಾಕ ನಾಚಿಕಿ ಬಂತು."